ಗುರುವಾರದ ಡಬ್ಬಿ

ಓಟ್ಸಿಗೆ ಹಾಲು ಹುಯ್ಯುತ್ತಿದ್ದ ಅವಳ ಕೈ ಬುಧವಾರದ ಡಬ್ಬಿ ಮುಟ್ಟುವಷ್ಟರಲ್ಲಿ, ಗಂಡ ಗುರುವಾರದ್ದನ್ನೂ ಶುಕ್ರವಾರದ್ದನ್ನೂ ಎತ್ತಿಕೊಂಡು, ಒಂದು ಚೂರೂ ಚೆಲ್ಲದ ಹಾಗೆ ಓಟ್ಸನ್ನು ಮತ್ತೆ ಪೊಟ್ಟಣಕ್ಕೆ ಸುರಿದ.

“ಬುಧವಾರದ ತನಕ ಸಾಕು.”

“ಯಾಕ್ರೀ, ಆಫೀಸಿಗೆ ರಜೆನಾ?”

“ಇಲ್ಲ. ಗುರುವಾರದಿಂದ ನಾನು ಅವಳ ಮನೇಲಿರ್ತೀನಿ.”

ಯಾರ ಮನೆ ಎಂದು ಅವಳು ಕೇಳಲಿಲ್ಲ. ಎರಡು ವರ್ಷದಿಂದ ನುಂಗಿಕೊಂಡೇ ಬಂದಿದ್ದ ಪ್ರಶ್ನೆ ಅದು. ಡಾಕ್ಟರು ಅವನಿಗೆ ಓಟ್ಸೇ ತಿನ್ನಬೇಕೆಂದ ಲಾಗಾಯ್ತು, ಏಳು ವರ್ಷ, ಪ್ರತಿ ಭಾನುವಾರ ಸಂಜೆ ಐದು ಗಾಜಿನ ಡಬ್ಬಿಗೆ ವಾರದ ಚೀಟಿ ಅಂಟಿಸಿ, ಹಾಲು ಮೊಸರಲ್ಲಿ ಓಟ್ಸು ನೆನೆಸಿ ಫ್ರಿಜ್ಜಿಗೆ ಇಡುತ್ತಿದ್ದಳು. ಅವನೋ, ದಿನಾ ಬೆಳಿಗ್ಗೆ ಮುಖ ಸಿಂಡರಿಸಿ “ಬಂತಾ ಗೋಂದು?” ಎಂದೇ ಚಮಚ ಹಾಕುತ್ತಿದ್ದ.

“ಅಳತೆ ಹೇಳಿಬಿಡು,” ಎಂದ ಈಗ, ಮೊಬೈಲು ತೆಗೆಯುತ್ತ. “ಅವಳು ಮಾಡಿದ್ರೆ ಕಲ್ಲಾಗುತ್ತೆ. ನಿನ್ನ ಕೈಯ ಹದ ಯಾರಿಗೂ ಬರಲ್ಲ ಕಣೇ.”

ಈ ಒಂದು ಮಾತಿಗೆ ಅವಳು ಏಳು ವರ್ಷ ಬಾಯಿ ಬಾಯಿ ಬಿಟ್ಟಿದ್ದಳು. ತಡೆಯುವ ಮೊದಲೇ ನಾಲಿಗೆ ಹೇಳಿಬಿಟ್ಟಿತು: “ಒಂದು ಲೋಟ ಓಟ್ಸಿಗೆ ಒಂದೂವರೆ ಲೋಟ ಹಾಲು.”

ಅವನು ಬರೆದುಕೊಂಡ. ತಲೆ ಎತ್ತದೆ ಕೇಳಿದ:

“ಮೊಸರು ಎಷ್ಟು ಚಮಚ?”