ಸೇತುವೆಯ ಮೇಲೆ ನಿಂತ ರೈಲು

"ನಿನ್ನೆಯೂ ನನ್ನ ರೈಲು ಸೇತುವೆ ಮೇಲೆ ನಿಂತುಬಿಡ್ತು," ಎಂದರು ಮಾವ, ಬಾಗಿಲು ತೆಗೆಯುತ್ತಲೇ. ಅಳಿಯ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದು ಮರೆತು ನಿಂತ. ಭಾನುವಾರ ಬೆಳಗ್ಗೆಯೇ ಬರಬೇಕೆಂದು ಫೋನು ಮಾಡಿ ಕರೆಸಿದ್ದು ಇದಕ್ಕೇ ಎಂದು ಅವನಿಗೆ ಗೊತ್ತಾಯಿತು.

ಮಾವ ಮೂವತ್ತನಾಲ್ಕು ವರ್ಷ ರೈಲು ಓಡಿಸಿ ನಿವೃತ್ತರಾದವರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅಳಿಯ ಅವರಿಗೆ ರೈಲು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಕೊಡುಗೆಯಾಗಿ ತಂದಿದ್ದ. ಗಟ್ಟಿ ಡಬ್ಬಿ, ಒಳಗೆ ಫಳಫಳ ಹೊಳೆಯುವ ಡಿಸ್ಕ್. ಹಾಕಿ ನೋಡಿದರೆ, ಕಂಪನಿಯ ಆ್ಯಪ್‌ನಲ್ಲಿ ಖಾತೆ ತೆರೆದು ಡಿಸ್ಕಿನ ನಂಬರು ಬರೆಸದ ಹೊರತು ಆಟ ಶುರುವಾಗುವುದಿಲ್ಲ ಎಂದು ಪರದೆ ಹಟ ಹಿಡಿಯಿತು. "ಡಿಸ್ಕ್ ನನ್ನ ಕೈಲಿದೆ, ಕಂಪ್ಯೂಟರ್ ನನ್ನ ಮನೇಲಿದೆ. ಮಧ್ಯೆ ಇವನ್ಯಾರು?" ಎಂದು ಮಾವ ಮುಖ ಗಂಟಿಕ್ಕಿದರು. ಅಳಿಯನಿಗೆ ಅವತ್ತು ಡ್ಯೂಟಿಗೆ ಹೊತ್ತಾಗಿತ್ತು. ತನ್ನ ಯುದ್ಧದ ಆಟಕ್ಕೆ ಅದೇ ಆ್ಯಪ್‌ನಲ್ಲಿ ಮೊದಲೇ ಖಾತೆ ಇತ್ತಲ್ಲ, ಮಾವನ ಡಿಸ್ಕನ್ನೂ ಅದಕ್ಕೇ ಸೇರಿಸಿ ಕೈತೊಳೆದುಕೊಂಡ.

ಎಡವಟ್ಟಾಗಿದ್ದು ಅಲ್ಲೇ. ಒಂದು ಖಾತೆ ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹೊಸಬರು ಒಳಗೆ ಕಾಲಿಟ್ಟರೆ ಮೊದಲಿನಿಂದ ಇದ್ದವರು ಹೊರಗೆ. ಅಳಿಯ ಸಂಜೆ ಆರೂಕಾಲಿಗೆ ಮನೆಗೆ ಬಂದು ಯುದ್ಧಕ್ಕೆ ಕೂತರೆ, ಎರಡು ಬೀದಿಯಾಚೆ ದಿನಾ ಐದೂವರೆಗೆ ಹೊರಡುವ ಮಾವನ ರೈಲು ಸರಿಯಾಗಿ ಸೇತುವೆ ಮೇಲೆ ನಿಂತುಬಿಡುತ್ತಿತ್ತು. ಮಾವ ಅದನ್ನು ಮತ್ತೆ ಹೊರಡಿಸುತ್ತಲೂ ಇರಲಿಲ್ಲ. ತಾನಾಗಿ ನಿಂತ ರೈಲನ್ನು ಮೇಲಿನವರ ಅಪ್ಪಣೆಯಿಲ್ಲದೆ ಅಲುಗಿಸಬಾರದೆಂಬುದು ಅವರ ರಕ್ತದಲ್ಲೇ ಇತ್ತು. ಇದೆಲ್ಲ ಹೀಗೆ ಎಂದು ಅಳಿಯನಿಗೆ ಒಂದು ವಾರದಿಂದ ಗುಮಾನಿ ಇತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

"ನಿಂತ ಮೇಲೆ ಪರದೇಲಿ ಏನು ಬರುತ್ತೆ ಗೊತ್ತಾ?" ಎಂದರು ಮಾವ. "‘ನಿಮ್ಮ ಸೇವೆ ಮುಕ್ತಾಯಗೊಂಡಿದೆ, ಧನ್ಯವಾದ’ ಅಂತ. ರಿಟೈರಾದ ದಿನ ಕೊಟ್ಟ ಕಾಗದದಲ್ಲೂ ಹೀಗೇ ಇತ್ತು. ಅದನ್ನ ದಿನಾ ಸಂಜೆ ಓದಬೇಕಾ ನಾನು?"

ಅವರು ಒಂದು ನೋಟ್‌ಬುಕ್ ಬಿಚ್ಚಿ ಮುಂದೆ ಹಿಡಿದರು. ಹತ್ತೊಂಬತ್ತು ಸಂಜೆಗಳು, ಒಂದನ್ನು ಬಿಟ್ಟು ಎಲ್ಲದರ ಎದುರೂ ‘ಸೇತುವೆ, 6.15’. ಹದಿನಾಲ್ಕನೇ ತಾರೀಕು ಒಂದೇ ದಿನ ರೈಲು ನೆಟ್ಟಗೆ ಊರು ಮುಟ್ಟಿತ್ತು. ಅವತ್ತು ಅಳಿಯ ಹಲ್ಲುನೋವೆಂದು ದವಡೆ ಹಿಡಿದು ಮಲಗಿದ್ದ.

"ತಪ್ಪು ನನ್ನದೇ ಇರಬೇಕು," ಮಾವನ ದನಿ ತಗ್ಗಿತು. "ಎಲ್ಲೋ ಸಿಗ್ನಲ್ ಕಣ್ತಪ್ಪಿ ಹೋಗ್ತಿದೆ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗ್ತಿದ್ದೀನಿ. ಕೆಲಸದಲ್ಲಿದ್ದಾಗಲೂ ಎಷ್ಟು ಸಲ ಹೀಗೆ ತಪ್ಪಿದ್ದೆನೋ, ಪಾಪ, ಯಾರೂ ಹೇಳಲಿಲ್ಲ."

ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ. ಒಂಟಿ ಚಪ್ಪಲಿಯ ಕಾಲಲ್ಲೇ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಮಾವ ನೋಟ್‌ಬುಕ್ ಮುಚ್ಚಿದರು. "ಅಂದ್ರೆ, ಆರೂಕಾಲಿಗೆ ನೀವು ಯುದ್ಧಕ್ಕೆ ಹೋಗ್ತೀರಿ. ನಾನು ನಾನೂರು ಜನ ಪ್ರಯಾಣಿಕರನ್ನ ಕೂರಿಸ್ಕೊಂಡು ನೀರಿನ ಮೇಲೆ ನಿಂತಿರ್ತೀನಿ."

"ನಾಳೇನೇ ನಿಮ್ಮ ಹೆಸರಲ್ಲಿ ಬೇರೆ ಖಾತೆ ಮಾಡಿ, ಹೊಸ ಆಟ ತಂದುಕೊಡ್ತೀನಿ ಮಾವ."

"ಅದರಲ್ಲಿ ನಾನು ಏನಾಗಿರ್ತೀನಿ? ಈಗ ಬೆಳಗಿನ ಓಟಗಳಲ್ಲಿ ಅಂಕ ಗಳಿಸಿ ಹಿರಿಯ ಚಾಲಕ ಆಗಿದ್ದೀನಿ."

"ಅದು... ಮೊದಲಿಂದ ಶುರು ಮಾಡಬೇಕು. ತರಬೇತಿ ಚಾಲಕ."

"ಆಗಲ್ಲ," ಎಂದರು ಮಾವ. "ಇನ್ನೊಂದು ಸಲ ತರಬೇತಿಗೆ ಹೋಗೋ ವಯಸ್ಸಲ್ಲ ನನ್ನದು. ಡಬ್ಬಿ ನನ್ನ ಕಪಾಟಲ್ಲಿದೆ, ಆಟ ನಿಮ್ಮ ಹೆಸರಲ್ಲಿದೆ. ಇದಕ್ಕೆ ಕೊಡುಗೆ ಅಂತಾರಾ?"

ಅಷ್ಟು ಹೊತ್ತೂ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ, ಹಲ್ಲಿನಿಂದ ದಾರ ಕಡಿದು, "ಹಳಿ ಒಂದೇ, ರೈಲು ಎರಡು. ಇದನ್ನ ಸರಿಮಾಡೋಕೆ ಬರಲ್ಲ ಅಂದ್ರೆ ಮೂವತ್ನಾಕು ವರ್ಷ ಅಲ್ಲಿ ಏನು ಮಾಡ್ತಿದ್ರಿ?" ಎಂದರು.

ಮಾವನ ಬೆನ್ನು ನೆಟ್ಟಗಾಯಿತು. ಸ್ಕೇಲು, ಕಾಗದ, ಕೆಂಪು ಪೆನ್ನು ಬಂದವು. ಅರ್ಧ ಗಂಟೆಯಲ್ಲಿ ವೇಳಾಪಟ್ಟಿ ಸಿದ್ಧವಾಯಿತು: ರೈಲು ಐದೂವರೆಗೆ ಹೊರಟು ಏಳೂ ಇಪ್ಪತ್ತಕ್ಕೆ ತಲುಪುವುದು; ಆಮೇಲೆ ಯುದ್ಧ. ಆದರೆ ಯುದ್ಧ ಶುರುಮಾಡುವ ಮುನ್ನ ಅಳಿಯ ಫೋನು ಮಾಡಿ ದಾರಿ ತೆರವಾಗಿದೆಯೇ ಎಂದು ಕೇಳತಕ್ಕದ್ದು. ಕೆಳಗೆ ಇಬ್ಬರೂ ರುಜು ಹಾಕಿದರು. ಕಣ್ಣಿನ ಡಾಕ್ಟರ ಭೇಟಿ ರದ್ದಾಯಿತು.

ಸೋಮವಾರ ಸಂಜೆ ಸರಿಯಾಗಿ ಏಳೂ ಇಪ್ಪತ್ತಕ್ಕೆ ಅಳಿಯ ಫೋನು ಮಾಡಿದ.

"ದಾರಿ ತೆರವಿಲ್ಲ," ಎಂದಿತು ಆ ಕಡೆಯ ಸರ್ಕಾರಿ ದನಿ. "ಮುಂದೆ ಮಂಜು ಕವಿದಿದೆ. ನಿಧಾನಕ್ಕೆ ಹೋಗ್ತಿದ್ದೀನಿ. ಹನ್ನೆರಡು ನಿಮಿಷ ತಡ."

ಅಳಿಯನ ಪಡೆಯಲ್ಲಿ ಇನ್ನೂ ನಾಲ್ವರಿದ್ದರು, ಮುಖ ನೋಡದ ದೂರದೂರದ ಗೆಳೆಯರು. ಅವರಿಗೆಲ್ಲ ಒಟ್ಟಿಗೆ ಫೋನು ಹಚ್ಚಿದ. ಸುಳ್ಳು ಹೇಳೋಣವೆಂದುಕೊಂಡವನು, ಯಾಕೋ ನಿಜವನ್ನೇ ಹೇಳಿದ: "ಯುದ್ಧ ಸ್ವಲ್ಪ ಲೇಟು ಕಣ್ರೋ. ನಮ್ಮ ಮಾವ ನನ್ನ ಖಾತೇಲಿ ರೈಲು ಓಡಿಸ್ತಿದ್ದಾರೆ. ಅವರು ಇಳಿದ ಮೇಲೇ ನನಗೆ ಜಾಗ."

ಪಡೆಯಲ್ಲೆಲ್ಲ ಭಾರೀ ಉಗ್ರನೆಂದು ಹೆಸರಾದ ‘ಕೊಡಲಿ’ ಎಂಬ ಅಡ್ಡಹೆಸರಿನವನು ತಗ್ಗಿದ ದನಿಯಲ್ಲಿ ಹೇಳಿದ:

"ನಿಧಾನ ಆಗ್ಲಿ ಬಿಡು. ನನ್ನ ಖಾತೇಲಿ ನಮ್ಮತ್ತೆ ಹಾಲು ಕರೀತಿದ್ದಾರೆ. ಇನ್ನೂ ಎರಡು ಹಸು ಬಾಕಿ ಇದೆ."