ಅರಸರ ಕೈ

ಪರದೆಯ ಸಂದಿಯಿಂದ ಹೊರಗೆ ಬರುವ ಕೈ ಅರಸರದೇ ಹೌದೋ ಅಲ್ಲವೋ ಎಂಬ ಅನುಮಾನ ಗುರುಶಾಂತವ್ವನನ್ನು ಬಿಡಲಿಲ್ಲ.

ಅರಸರ ಮನೆಯ ಪಡಸಾಲೆಯಲ್ಲಿ ಕೂತಾಗಿನಿಂದ ಅವಳಿಗೆ ಯಾವುದೂ ಸರಿ ಕಂಡಿರಲಿಲ್ಲ. ಬನವಾಸಿಯ ಕಡೆಯಿಂದ ಬಸ್ಸು ಬದಲಿಸುತ್ತ ಸಿದ್ದಾಪುರಕ್ಕೆ ಬಂದು, ಅಲ್ಲಿಂದ ಜ್ವರದ ಮಗಳನ್ನು ನಡೆಸಿಕೊಂಡು ಬಂದಿದ್ದಳು. ಬಂದವರಿಗೆ ಬೆಲ್ಲ ನೀರು ಕೊಡದ ಮನೆ ಈ ಸೀಮೆಯಲ್ಲೇ ಇಲ್ಲ. ಇಲ್ಲಿ ನೀರು ಬೇಕೇ ಎಂದು ಕೂಡ ಯಾರೂ ಕೇಳಲಿಲ್ಲ. ಮಧ್ಯಾಹ್ನವಾಗುತ್ತ ಬಂದರೂ ಅಡುಗೆಮನೆಯಲ್ಲಿ ಹೊಗೆಯಿಲ್ಲ. ರಾಜ್ಯ ಹೋದರೂ ಇವರ ಠೀವಿ ಹೋಗಲಿಲ್ಲ ಎಂದು ಅವಳು ಒಳಗೊಳಗೇ ಬೈದುಕೊಂಡಳು.

ರಾಜ್ಯವಾದರೂ ಎಂಥದ್ದು? ಹಿರೇಕೋಟೆಯ ಅರಸರು ಆಳಿದ್ದು ನಾಲ್ಕು ಹಳ್ಳಿ, ಒಂದು ಗುಡ್ಡ. ಅದೂ ಮುತ್ತಜ್ಜನ ಕಾಲಕ್ಕೇ ಹೋಯಿತು. ಆಮೇಲೆ ಇಂಗ್ಲಿಷರು ಹೋದರು. ಹೋದ ವರ್ಷ ಜಿಲ್ಲೆಯೇ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿತು. ಇಷ್ಟೆಲ್ಲ ಹೋದರೂ ಜನರ ತಲೆಯಿಂದ ಅರಸರ ಕೈ ಮಾತ್ರ ಹೋಗಲಿಲ್ಲ. ಕುತ್ತಿಗೆಯ ಸುತ್ತ ಗಂಟು ಏಳುವ ಗಂಡಮಾಲೆಗೆ ಆ ವಂಶದ ಹಿರಿಯನ ಬಲಗೈ ಸೋಕಿದರೆ ಸಾಕು, ಬೇರೆ ಮದ್ದೇ ಇಲ್ಲ ಎಂದು ನಂಬಿದ್ದರು. ಅದಕ್ಕೊಂದು ಕಟ್ಟೂ ಇತ್ತು. ಅರಸರು ಮುಟ್ಟಿದ ಮೈಗೆ ಮತ್ತೆ ಡಾಕ್ಟರ ಸೂಜಿ ತಾಗಬಾರದು.

ಮಗಳು ನೀಲಾಳ ಕುತ್ತಿಗೆಯಲ್ಲಿ ಅಂಥ ಗಂಟುಗಳು ಸಾಲಾಗಿ ಎದ್ದಿದ್ದವು. ಒಂದು ಒಡೆದು ಸೋರುತ್ತಿತ್ತು. ಶಿರಸಿಯ ಡಾಕ್ಟರು ನೋಡಿ, ಇದು ಕ್ಷಯದ ಗಂಟು, ಈಗಲೇ ಸೂಜಿಮದ್ದು ಶುರುಮಾಡಿದರೆ ಹುಡುಗಿ ಉಳಿಯುತ್ತಾಳೆ, ತಡಮಾಡಿದರೆ ಎದೆಗೆ ಇಳಿಯುತ್ತದೆ ಎಂದಿದ್ದರು. ಗಂಡ ವೀರಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದ: ಅರಸರು ಮುಟ್ಟಿದರೆ ಮನೆಗೆ ಬಾ, ಮುಟ್ಟದಿದ್ದರೆ ಹಾಗೆಯೇ ಆಸ್ಪತ್ರೆಗೆ ಹೋಗಿ ಸೇರಿಸು. ಆಸ್ಪತ್ರೆಗೆಂದು ತಟ್ಟೆ, ಲೋಟ, ಒಂದು ಕಂಬಳಿ ಅವಳ ಚೀಲದಲ್ಲಿದ್ದವು.

ಮುಟ್ಟದಿರುವ ಸಂಭವವೇ ಹೆಚ್ಚು. ಅರಸರ ತಲೆ ಕೆಟ್ಟಿದೆ ಎಂದು ಬಸ್ಸಿನಲ್ಲೇ ಯಾರೋ ಹೇಳಿದ್ದರು. ಈಚೆಗೆ ಬಂದವರನ್ನೆಲ್ಲ, ನನ್ನ ಹತ್ತಿರ ಏನೂ ಇಲ್ಲ, ಮೊದಲು ಮಗುವಿಗೆ ಮದ್ದು ಕೊಡಿಸಿ ಎಂದು ಗದರಿಸಿ ಕಳಿಸಿಬಿಡುತ್ತಾರಂತೆ. ಹಾಗೆ ಅಳುತ್ತ ಹೋಗುವವರನ್ನು ಬೇಲಿಯ ದಣಪೆ ದಾಟಿಸಿ ಬರುವ ಕೆಲಸ ಹಳೆಯ ಆಳು ಜಟ್ಟಪ್ಪನದು. ಅವನಿಗೆ ಅದು ಸಹಿಸಲಾಗದ ಸಂಕಟವಾಗಿತ್ತು. ಅರಸರ ಮೇಲಿನ ಅವನ ಭಕ್ತಿಗಿಂತ ಅರಸರ ಕೈಯ ಮೇಲಿನ ಭಕ್ತಿ ದೊಡ್ಡದು.

ಆದರೆ ಇವತ್ತು ಕರೆಯಲು ಜಟ್ಟಪ್ಪನೇ ಬಂದ. ಮೊದಲು ಬಂದವರೆಲ್ಲ ಮುಟ್ಟಿಸಿಕೊಂಡು ಹೋಗಿದ್ದರು. ಉಳಿದವರು ತಾಯಿ ಮಗಳು ಇಬ್ಬರೇ. ಅರಸರಿಗೆ ಮೈ ಸಮ ಇಲ್ಲ, ಪರದೆಯಿಂದಲೇ ಮುಟ್ಟುತ್ತಾರೆ, ಮಾತಾಡಿಸುವುದು ಬೇಡ ಎಂದ. ಅವನ ಕಣ್ಣುಗಳು ಕೆಂಪಗಿದ್ದವು. ಕುಡಿದಿದ್ದಾನೆ ಎಂದುಕೊಂಡಳು ಗುರುಶಾಂತವ್ವ. ಅನುಮಾನ ಹುಟ್ಟಿದ್ದು ಆಗಲೇ. ಅರಸರು ಒಪ್ಪದಿದ್ದಾಗ ಈ ಮುದುಕ ಬೇರೆ ಯಾರದೋ ಕೈ ಚಾಚಿಸುತ್ತಿದ್ದರೆ?

‘ಅವರು ಯಾರನ್ನೂ ಮುಟ್ಟೂದಿಲ್ಲ ಅಂತ ಕೇಳೇನ್ರಿ. ಇವತ್ತ ಹ್ಯಾಂಗ ಒಪ್ಪಿದರು?’

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅರಸರ ಹೆಂಡತಿ ಸಾವಿತ್ರವ್ವನಿಂದ.

‘ಅಷ್ಟು ದೂರದಿಂದ ಬಂದೀರಿ, ತಾಯಿ. ಇವತ್ತು ಅವರು ಯಾರಿಗೂ ಬೇಡ ಅನ್ನೂದಿಲ್ಲ.’

ಅಷ್ಟು ಹೇಳಿ ಸಾವಿತ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳ ಹುಣ್ಣಿನ ವಾಸನೆಗೆ ಹೇಸಿದರು ಎಂದು ಗುರುಶಾಂತವ್ವ ನೊಂದುಕೊಂಡಳು. ಆದರೂ ನೀಲಾಳನ್ನು ಮುಂದಕ್ಕೆ ತಂದು ಕೂರಿಸಿದಳು.

ಒಳಗೆ ಲೋಬಾನದ ಹೊಗೆ ದಟ್ಟವಾಗಿತ್ತು. ಹಿತ್ತಲಲ್ಲಿ ಯಾರೋ ಗುದ್ದಲಿ ಹಾಕುವ ಸದ್ದು. ತೆಳು ಪರದೆಯ ಹಿಂದೆ ರುಮಾಲು ಸುತ್ತಿದ ತಲೆ, ಅಗಲವಾದ ಹೆಗಲು ಮಸುಕಾಗಿ ಕಂಡವು. ಈ ವಯಸ್ಸಿನಲ್ಲೂ ಬೆನ್ನು ನೆಟ್ಟಗಿತ್ತು. ಅರಸರೆಂದರೆ ಅರಸರೇ ಅನ್ನಿಸಿತು ಅವಳಿಗೆ.

ಕೈ ಹೊರಗೆ ಬಂತು. ಜಟ್ಟಪ್ಪ ಮೊಣಕೈಗೆ ಆಸರೆ ಕೊಟ್ಟು ಹಿಡಿದಿದ್ದ.

ಗುರುಶಾಂತವ್ವ ನೋಡಿದ್ದು ಕಿರುಬೆರಳನ್ನು. ಚಿಕ್ಕವಳಿದ್ದಾಗ ಅವಳಿಗೂ ಇದೇ ಗಂಟುಗಳಿದ್ದವು. ಆಗ ಇನ್ನೂ ಮೀಸೆ ಕಪ್ಪಗಿದ್ದ ಅರಸರು ಮುಟ್ಟಿದ್ದರು, ಗಂಟು ಕರಗಿತ್ತು. ಅಂದು ಕಣ್ಣಿಗೆ ತೀರ ಹತ್ತಿರ ಬಂದ ಆ ಕೈಯ ಕಿರುಬೆರಳು ಒಳಕ್ಕೆ ಸೊಟ್ಟಗಿದ್ದುದನ್ನು ಅವಳು ಮರೆತಿರಲಿಲ್ಲ.

ಈ ಬೆರಳೂ ಸೊಟ್ಟಗಿತ್ತು. ಅದೇ ಕೈ. ಮೋಸವಿರಲಿಲ್ಲ. ಅವಳ ಕಣ್ಣಲ್ಲಿ ಬಳಬಳನೆ ನೀರು ಸುರಿಯಿತು.

ಬೆರಳುಗಳು ನೀಲಾಳ ಕುತ್ತಿಗೆಯ ಮೇಲೆ ಸರಿದವು. ಹುಡುಗಿ ಬೆಚ್ಚಿದಳು.

‘ಯವ್ವಾ, ಕೈ ತಣ್ಣಗ ಐತಿ.’

‘ತಂಪಾಗಲಿ ಅಂತನ ಬಂದೇವಿ. ಸುಮ್ಮನ ಕೂಡು.’

ಗುರುಶಾಂತವ್ವ ಹೊಸ್ತಿಲಿಗೆ ಹಣೆ ಹಚ್ಚಿ ಎದ್ದಳು. ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಣಪೆ ದಾಟಿದಾಗ ನೀಲಾಳಿಗೆ ಕೆಮ್ಮು ಹತ್ತಿತು, ನಿಲ್ಲದ ಕೆಮ್ಮು. ತಾಯಿ ಚೀಲದಿಂದ ಕಂಬಳಿ ತೆಗೆದು ಮಗಳಿಗೆ ಹೊದಿಸಿದಳು. ಆಸ್ಪತ್ರೆಗೆಂದು ಅದನ್ನು ಜೋಪಾನ ಮಾಡುವ ಅಗತ್ಯ ಇನ್ನಿರಲಿಲ್ಲ. ಇಬ್ಬರೂ ಮನೆಗೆ ಹೊರಟರು.

ತಿರುವಿನಲ್ಲಿ ಅವರು ಮರೆಯಾಗುವವರೆಗೂ ಜಟ್ಟಪ್ಪ ನೋಡುತ್ತ ನಿಂತ. ಒಳಗೆ ಬಂದು ಬಾಗಿಲು ಹಾಕಿದ. ಹಿತ್ತಲಿನ ಗುದ್ದಲಿಯ ಸದ್ದು ನಿಂತಿತ್ತು. ಪರದೆ ಸರಿಸಿ, ಅರಸರ ಕೈಯನ್ನು ಮೆಲ್ಲಗೆ ಮಣಿಸಿ ತೊಡೆಯ ಮೇಲೆ ಇಟ್ಟು, ಸಾವಿತ್ರವ್ವನ ಕಡೆ ತಿರುಗಿದ.

‘ನಸುಕಿನಿಂದ ತಡ್ಕಂಡೀರಿ, ಅಮ್ಮಾ. ಎಲ್ಲ ಹೋದ್ರು, ಗುಣಿಯೂ ತೋಡಿ ಆಯ್ತು. ಇನ್ನು ಅಳಿ.’