ಹೆಡ್‌ಮಾಸ್ತರರ ಸಾವು

ಬಾಗಿಲು ತಟ್ಟದೆ ರಮಾನಾಥ ಒಳಗೆ ನುಗ್ಗಿದಾಗ ಸೇವಂತಿಯ ಕೈಯಲ್ಲಿ ಕತ್ತರಿ ಇತ್ತು.

"ನನ್ನ ನಗು ಎಲ್ಲಿ ಉಂಟು?" ಎಂದ.

ಕುರ್ಲಾದ ಆ ಸ್ಟುಡಿಯೋದಲ್ಲಿ ಫಿಲ್ಮು ಕತ್ತರಿಸಿ ಅಂಟಿಸುವ ಕೆಲಸ ಅವಳದು. ಪ್ರೊಡ್ಯೂಸರ್ ಯಾವುದೋ ಫ್ರೆಂಚ್ ಚಿತ್ರ ನೋಡಿ ಹುಚ್ಚು ಹಿಡಿಸಿಕೊಂಡು, ಅಂಥದ್ದೇ ಬೋರ್ಡಿಂಗ್ ಶಾಲೆ, ಅಂಥದ್ದೇ ಕೊಲೆ ಇಟ್ಟು ಸಿನಿಮಾ ತೆಗೆದಿದ್ದ. ಕೊಲೆಯಾಗುವ ಕ್ರೂರ ಹೆಡ್‌ಮಾಸ್ತರನೇ ಈ ರಮಾನಾಥ. ಲೋಕಲ್ ಟ್ರೇನಿನಲ್ಲೂ ಕರಿ ಗೌನು ತೊಟ್ಟು, ಬೆತ್ತ ಹಿಡಿದು, ಕಂಡವರಿಗೆ ಮಗ್ಗಿ ಕೇಳುವ ಆಸಾಮಿ. ತನ್ನನ್ನು ನೋಡಿ ಮಕ್ಕಳು ಅಳಬೇಕು, ಅದೇ ಅವನ ಹೆಮ್ಮೆ.

ಆ ಹೆಮ್ಮೆಯ ಭರದಲ್ಲೇ ರಿಹರ್ಸಲ್ಲಿನಲ್ಲಿ ಜವಾನನ ಪಾತ್ರದ ಅಣ್ಣುವಿಗೆ ಎರಡೂ ಕಿವಿಯ ಮೇಲೆ ನಿಜವಾಗಿ ಬಾರಿಸಿದ್ದ. ಅಣ್ಣು ಸೇವಂತಿಯ ಗಂಡ; ಆ ಪೆಟ್ಟಿಗೆ ಅವನ ಕಿವಿ ಕೆಟ್ಟಿತು. ಕಿವಿ ಕೇಳದವನಿಗೆ ಪಾತ್ರ ಯಾರು ಕೊಡುತ್ತಾರೆ? ಈಗ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ. "ನಟನೆ ಅಂದ್ಮೇಲೆ ಪೆಟ್ಟು ತಿನ್ಬೇಕಪ್ಪ" ಎಂದಿದ್ದ ರಮಾನಾಥ, ಎಲ್ಲರೆದುರು. ಪಾಪಿ! ಸೇವಂತಿಯ ಹೊಟ್ಟೆ ಅಂದಿನಿಂದ ಉರಿಯುತ್ತಿತ್ತು.

ಕ್ಯಾಮೆರಾದ ಮುಂದೆ ಸತ್ತಂತೆ ನಟಿಸಿದವನು ಕ್ಯಾಮೆರಾ ನಿಲ್ಲುವ ಮೊದಲು ಎದ್ದು ನಗಬೇಕು, ಇಲ್ಲದಿದ್ದರೆ ಅಪಶಕುನ. ಸಿನಿಮಾದವರೆಲ್ಲ ಪಾಲಿಸುವ ಪದ್ಧತಿ. ನಕ್ಕ ತುಂಡನ್ನು ಆಮೇಲೆ ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ.

"ಬುಟ್ಟಿಗೆ ಹಾಕ್ಬೇಡ ಮಾರಾಯ್ತಿ. ಅದು ಹೋದ್ರೆ ನಾನೂ ಹೋದ ಹಾಗೆ."

ಅವನು ಬುಟ್ಟಿಯ ಮುಂದೆ ಮಂಡಿಯೂರಿ ಕತ್ತರಿಸಿದ ತುಂಡುಗಳನ್ನು ಕೆದಕಿದ. ಅಬ್ಬಾ, ಇವನಿಗೂ ಹೆದರಿಕೆ ಉಂಟಲ್ಲ! ಸೇವಂತಿ ಕಿಟಕಿಯಾಚೆ ನೋಡಿದಳು. ಅಲ್ಲಿ ಚಹಾದ ಒಲೆ ಧಗಧಗ ಉರಿಯುತ್ತಿತ್ತು. ಫಿಲ್ಮಿಗೆ ಒಂದು ಕಿಡಿ ಸಾಕು.

"ಎಸೆಯೋದಿಲ್ಲ ಸಾರ್. ಎಲ್ಲಿರ್ಬೇಕೋ ಅಲ್ಲಿ ಜೋಪಾನ ಮಾಡ್ತೇನೆ."

ಅವನು ಕೈಮುಗಿದು ಹೋದ.

ಪ್ರೊಡ್ಯೂಸರ್ ಪೂರ್ತಿ ಚಿತ್ರ ನೋಡಿ ಒಪ್ಪಿದ. ಮರುದಿನ ಸೇವಂತಿ, ಎಲ್ಲೋ ಅಂಟು ಸಡಿಲಾಗಿದೆ ಎಂದು ಹೆಡ್‌ಮಾಸ್ತರ ಸಾಯುವ ಕೊನೆಯ ರೀಲನ್ನು ವಾಪಸು ತರಿಸಿಕೊಂಡಳು.

ಬೈಕುಲ್ಲಾದ ಥಿಯೇಟರಿನಲ್ಲಿ ಮೊದಲ ಆಟ. ಮುಂದಿನ ಸಾಲಿನಲ್ಲಿ ಗೌನು ತೊಟ್ಟ ರಮಾನಾಥ. ಹಿಂದಿನ ಸಾಲಿನಲ್ಲಿ ಸೇವಂತಿ, ಪಕ್ಕದಲ್ಲಿ ಅಣ್ಣು. ತೆರೆಯ ಮೇಲೆ ಹೆಡ್‌ಮಾಸ್ತರ ನರಳಿ ನರಳಿ ಸತ್ತ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಯಾವುದೋ ಮಗು ಚೀರಿ ಅತ್ತಿತು. ರಮಾನಾಥ ಎದೆಯುಬ್ಬಿಸಿ ಹಿಂದೆ ತಿರುಗಿ ನೋಡಿದ.

ಆಗ ತೆರೆಯ ಮೇಲಿನ ಹೆಣ ಎದ್ದು ಕೂತು ಹಲ್ಲು ಕಿರಿಯಿತು. ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದು ನಕ್ಕ ಸದ್ದು ಅಣ್ಣುವಿಗೂ ಕೇಳಿಸಿತು.